ಲಾಟೀನಿನಲ್ಲಿ ಎಣ್ಣೆ ಇತ್ತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಏನು ಹಾಳಾದರೂ ಅದು ಕೊನೆಗೆ ನನ್ನ ತಲೆಗೇ ಬರುತ್ತಿತ್ತು. ಹಾಲು ಉಕ್ಕಿದರೆ ನಾನು, ಕೋಳಿಗೂಡಿನ ಬಾಗಿಲು ತೆರೆದಿದ್ದರೆ ನಾನು. ಸಂಜೆ ದೀಪ ಮಂಕಾದರಂತೂ ಕೇಳುವುದೇ ಬೇಡ, ಯಾಕೆಂದರೆ ಲಾಟೀನಿನ ಕೆಲಸ ನನ್ನದಾಗಿತ್ತು. ಆಗ ನಮ್ಮ ಕಡೆಗೆ ಕರೆಂಟು ಬಂದಿರಲಿಲ್ಲ. ದಿನವೂ ಬೆಳಿಗ್ಗೆ ಲಾಟೀನಿನ ಗಾಜನ್ನು ಒಲೆಯ ಬೂದಿಯಿಂದ ಉಜ್ಜಿ, ಬತ್ತಿಯ ಕರಿ ತುದಿ ಕತ್ತರಿಸಿ, ಸೀಮೆಎಣ್ಣೆ ತುಂಬಿಸಿ ಇಡಬೇಕಿತ್ತು. ಗಾಜು ಒಡೆದರೆ ಪೆಟ್ಟು ಖಂಡಿತ.

ನಮ್ಮ ಮನೆ ಕಾಣಿಯೂರಿನಿಂದ ಸ್ವಲ್ಪ ಒಳಗೆ, ಒಂದು ಗುಡ್ಡದ ಬುಡದಲ್ಲಿತ್ತು. ಈಗ ಅದು ಕಡಬ ತಾಲೂಕು, ಆಗ ಪುತ್ತೂರು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರೆಭಾಷೆ. ನಾನು ಅರೆಭಾಷೆ ಆಡಿದರೆ ನೀವು ಮೊಮ್ಮಕ್ಕಳು ಅರ್ಧ ಕೇಳಿ ಅರ್ಧ ನಗುತ್ತೀರಿ. ಹಾಗಾಗಿ ಈ ಕಥೆಯಲ್ಲಿ ಎಲ್ಲರ ಬಾಯಿಗೂ ಕನ್ನಡವನ್ನೇ ಹಾಕಿದ್ದೇನೆ.

ನಮಗೆ ಬಾವಿ ಇರಲಿಲ್ಲ, ಸುರಂಗ ಇತ್ತು. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಗುಡ್ಡದ ಹೊಟ್ಟೆಯೊಳಗೆ ಅಡ್ಡಲಾಗಿ ಹೋಗುತ್ತದೆ. ನಮ್ಮ ಗುಡ್ಡ ಮುರಕಲ್ಲಿನದು, ಅಂದರೆ ತೂತು ತೂತಿನ ಕೆಂಪು ಕಲ್ಲಿನದು. ಮಳೆಗಾಲದಲ್ಲಿ ಅದು ಕುಡಿದ ನೀರು ನಿಧಾನವಾಗಿ ಕೆಳಗಿಳಿದು, ಜೇಡಿಮಣ್ಣು ಅಡ್ಡ ಬಂದಲ್ಲಿ ನಿಲ್ಲುತ್ತದೆ. ಆ ನೀರು ಸಿಗುವವರೆಗೆ ಗುಡ್ಡವನ್ನು ಕೊರೆಯುತ್ತ ಹೋಗುವುದು ನಮ್ಮ ಹಿರಿಯರ ಕ್ರಮ. ನಮ್ಮ ಸುರಂಗವನ್ನು ಅಪ್ಪ ಮತ್ತು ಅಜ್ಜ ಇಬ್ಬರೇ, ಬೇಸಿಗೆಯಿಂದ ಬೇಸಿಗೆಗೆ, ಹಾರೆ ಪಿಕಾಸಿ ಹಿಡಿದು ಕೊರೆದಿದ್ದರು. ದೊಡ್ಡವರು ಬಗ್ಗಿ ನಡೆಯಬೇಕು, ನಾನು ನೆಟ್ಟಗೆ ನಡೆಯಬಹುದು, ಅಷ್ಟು ಎತ್ತರ. ಒಳಗೆ ಬಾವಲಿಯ ವಾಸನೆ ಮತ್ತು ಕಾಲಿಗೆ ಕಚ್ಚುವಂಥ ತಣ್ಣನೆಯ ನೀರು. ಆ ನೀರು ತನ್ನಷ್ಟಕ್ಕೆ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಅದರ ಜುಳು ಜುಳು ಸದ್ದು ಹಗಲೂ ಇರುಳೂ ಕೇಳುತ್ತಿದ್ದುದರಿಂದ ನಮಗೆ ಅದೊಂದು ಸದ್ದು ಎಂದೇ ಅನ್ನಿಸುತ್ತಿರಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಆ ಸದ್ದು ನಿಂತಿತ್ತು. ಅಮ್ಮ ಕೊಡಪಾನ ಹಿಡಿದು ತೊಟ್ಟಿಯ ಹತ್ತಿರ ಸುಮ್ಮನೆ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಆಗ ಅಕ್ಕ ಬಾಣಂತಿ. ಮಗು ಹುಟ್ಟಿ ಇನ್ನೂ ಹೊಕ್ಕುಳು ಉದುರಿರಲಿಲ್ಲ. ಬಾಣಂತಿಗೆ ದಿನವೂ ಹಂಡೆ ಹಂಡೆ ಬಿಸಿನೀರು ಬೇಕು, ಮಗುವಿನ ಬಟ್ಟೆಗೆ ಬೇಕು, ದನಗಳಿಗೆ ಬೇಕು. ಹತ್ತಿರದ ಬಾವಿ ಎಂದರೆ ಗುಡ್ಡದ ಆಚೆ ಬದಿಯ ಮನೆಯವರದು. ಅದೂ ತಳ ಕಂಡಿತ್ತು.

"ಒಳಗೆ ಎಲ್ಲಿಯೋ ಮೇಲಿಂದ ಮಣ್ಣು ಬಿದ್ದಿದೆ. ತೆಗೆದರೆ ಆಯ್ತು, ಹೆದರುವಂಥದ್ದು ಎಂತದೂ ಇಲ್ಲ" ಎಂದು ಅಪ್ಪ ಲುಂಗಿ ಎತ್ತಿ ಕಟ್ಟಿದರು. ಮಗುವನ್ನು ನೋಡಲು ಆಲಂಕಾರಿನಿಂದ ಬಂದು ಉಳಿದಿದ್ದ ಭಾವ, ಅಂದರೆ ಅಕ್ಕನ ಗಂಡ, ತಾನೂ ಬರುತ್ತೇನೆಂದು ಎದ್ದರು.

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು. ಅದಕ್ಕೆ ನಾಲ್ಕು ದಿನ ಮೊದಲು ಭಾವನ ಮನೆಯವರೆಲ್ಲ ಮಗುವನ್ನು ನೋಡಲು ಬಂದಿದ್ದಾಗ, ಊಟದ ನಡುವೆ ಲಾಟೀನು ಪಕ್ಕನೆ ಆರಿತ್ತು. ಎಣ್ಣೆ ಮುಗಿದಿತ್ತು. ರೇಷನ್ನಿನ ಸೀಮೆಎಣ್ಣೆ ತಿಂಗಳ ಕೊನೆಗೆ ಸಾಕಾಗುವುದಿಲ್ಲ, ಅರ್ಧವೇ ತುಂಬಿಸು ಎಂದು ಹೇಳಿದವಳು ಅಮ್ಮ. ಆದರೆ ಕತ್ತಲೆಯಲ್ಲಿ ಬೈಗುಳ ಬಿದ್ದದ್ದು ನನಗೆ. ನೆಂಟರೂ ನಕ್ಕರು. ಆ ಅವಮಾನದಲ್ಲಿ ನಾನು ಅಮ್ಮನಿಗೂ ಹೇಳದೆ ದಿನಾ ಕಂಠದವರೆಗೆ ಎಣ್ಣೆ ತುಂಬಿಸತೊಡಗಿದ್ದೆ. ಆ ದಿನ ಬೆಳಿಗ್ಗೆಯೂ ತುಂಬಿಸಿದ್ದೆ. ಆ ಕೈಯಲ್ಲಿ ಮಗುವನ್ನು ಮುಟ್ಟಲು ಹೋದಾಗ ಅಕ್ಕ, "ಶೀ, ಸೀಮೆಎಣ್ಣೆ ವಾಸನೆ. ಕೈ ತೊಳ್ಕೊಂಡು ಬಾ" ಎಂದು ಓಡಿಸಿದ್ದಳು. ತೊಳೆಯಲು ನೀರೆಲ್ಲಿತ್ತು?

ಅಪ್ಪ ಲಾಟೀನು ಹಿಡಿದು ಮುಂದೆ ಹೋದರು, ಭಾವ ಹಿಂದೆ. ಅಪ್ಪ ಅಗೆದ ಮಣ್ಣನ್ನು ಭಾವ ಅಡಿಕೆ ಹಾಳೆಯ ಮೇಲೆ ಹಾಕಿ, ಹಗ್ಗ ಕಟ್ಟಿ, ಸುರಂಗದ ಬಾಯಿಯವರೆಗೆ ಎಳೆದು ತರುತ್ತಿದ್ದರು. ಅದನ್ನು ಆಚೆ ಸುರಿದು ಹಾಳೆಯನ್ನು ವಾಪಸು ಕೊಡುವುದು ನನ್ನ ಕೆಲಸ. ಹೊರಗೆ ಗೇರುಮರದ ಎಲೆಯೂ ಅಲ್ಲಾಡದಷ್ಟು ಸೆಕೆ. ಒಳಗಿನಿಂದ ಹಾರೆಯ ಸದ್ದು ಬರುತ್ತಿತ್ತು, ನಡುನಡುವೆ ಅಪ್ಪನ ಕೆಮ್ಮು. ಎಷ್ಟು ಮಣ್ಣು ಸುರಿದರೂ ನೀರಿನ ಸುದ್ದಿಯೇ ಇಲ್ಲ. ಮನೆಯೊಳಗೆ ಮಗು ಅಳುತ್ತಿತ್ತು.

ಆಮೇಲೆ ಒಳಗಿನ ಬೆಳಕು ಹೋಯಿತು. ನಾನು ಬಾಯಿಯ ಹತ್ತಿರ ಕೂತು ಅದೇ ಹಳದಿ ಚುಕ್ಕೆಯನ್ನು ನೋಡುತ್ತಿದ್ದೆ. ಅದು ಸಣ್ಣದಾಗಿ, ಕೆಂಪಾಗಿ, ಇಲ್ಲವಾಯಿತು. ಒಳಗಿನಿಂದ ಅಪ್ಪನ ಸ್ವರ ಕೇಳಿತು. "ಎಣ್ಣೆ ಮುಗೀತು. ಇವಳಿಗೆ ಒಂದು ಕೆಲಸ ಹೇಳಿದ್ರೆ ಇಷ್ಟೇ. ನೀವು ಹೋಗಿ ತುಂಬಿಸಿ ತನ್ನಿ. ಅಷ್ಟರಲ್ಲಿ ನಾನು ಕತ್ತಲೆಯಲ್ಲೇ ಮಣ್ಣು ತೆಗೀತಾ ಇರ್ತೇನೆ. ಈ ಸುರಂಗ ನನ್ನ ಕೈಗೆ ಗೊತ್ತುಂಟು."

ಸುರಂಗ ಕೊರೆಯುವವರಿಗೆಲ್ಲ ಒಂದು ನಿಯಮ ಗೊತ್ತಿತ್ತು. ದೀಪ ಆರಿದರೆ ಹಾರೆಯನ್ನು ಬಿಟ್ಟಲ್ಲೇ ಬಿಟ್ಟು ಹೊರಗೆ ಬರಬೇಕು. ಅಜ್ಜ ಅದನ್ನು ಅಪ್ಪನಿಗೆ ಹೇಳಿಕೊಟ್ಟಿದ್ದರು, ಅಪ್ಪ ನಮಗೂ ಹೇಳಿದ್ದರು. ಆದರೆ ಆ ದಿನ ಅಪ್ಪನಿಗೆ ಅದು ನೆನಪಾಗಲಿಲ್ಲ. ದೀಪ ಆರಲು ಅವರ ಹತ್ತಿರ ಬೇರೆ ಕಾರಣ ತಯಾರಾಗಿಯೇ ಇತ್ತು, ಅದು ನಾನು.

ಭಾವ ಬಗ್ಗಿಕೊಂಡೇ ಹೊರಬಂದು ಲಾಟೀನನ್ನು ನನ್ನ ಕೈಗೆ ಕೊಟ್ಟರು. "ಬೇಗ ತುಂಬಿಸಿ ಕೊಡು" ಎಂದು ಕಲ್ಲಿನ ಮೇಲೆ ಕೂತು ತಲೆ ಹಿಡಿದುಕೊಂಡರು. "ನನಗೆ ಯಾಕೋ ತಲೆ ಸಿಡಿತಾ ಉಂಟು."

ಲಾಟೀನು ಭಾರವಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಎಣ್ಣೆ ಗುಳುಗುಳು ಎಂದಿತು. ಅಡುಗೆಮನೆಗೆ ಓಡಿ ಕೊಳ್ಳಿಯಿಂದ ಹಚ್ಚಿದೆ. ಒಂದೇ ಸಲಕ್ಕೆ ಹತ್ತಿಕೊಂಡು ಚೆನ್ನಾಗಿ ಉರಿಯಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಮಕ್ಕಳೇ, ನಾನು ಅಪ್ಪನನ್ನು ಉಳಿಸಲು ಒಳಗೆ ಹೋದೆ ಎಂದು ನಿಮ್ಮ ಅಪ್ಪ ನಿಮಗೆ ಹೇಳಿರಬಹುದು. ಅದು ಸುಳ್ಳು. ಎಣ್ಣೆ ತುಂಬ ಇದೆ, ಕಣ್ಣಿಟ್ಟು ನೋಡಿ ಎಂದು ಅಪ್ಪನ ಮುಖಕ್ಕೆ ಹಿಡಿದು ತೋರಿಸಲು ಹೋದೆ.

"ಏ, ಎಲ್ಲಿಗೆ ಹೋಗುದು ನೀನು?" ಎಂದು ಭಾವ ಹಿಂದಿನಿಂದ ಕರೆದರು. ನಾನು ನಿಲ್ಲಲಿಲ್ಲ. ಲಾಟೀನು ನನ್ನ ಮೊಣಕಾಲಿನ ಹತ್ತಿರ ತೂಗುತ್ತಿತ್ತು. ಕೆಂಪು ಗೋಡೆಯ ಮೇಲೆ ಹಾರೆಯ ಹಳೆಯ ಗೀರುಗಳು ಕಾಣುತ್ತಿದ್ದವು. "ಅಪ್ಪಾ, ಎಣ್ಣೆ ಉಂಟು" ಎಂದು ಕೂಗಿದೆ. ಉತ್ತರ ಬರಲಿಲ್ಲ. ಹಾರೆಯ ಸದ್ದೂ ಇರಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಹೋದೆನೋ ಇಲ್ಲವೋ, ಉರಿ ಸಣ್ಣದಾಗಿ, ಕೆಂಪಾಗಿ, ನನ್ನ ಕಣ್ಣೆದುರೇ ಆರಿತು. ಗಾಳಿ ಬೀಸಿರಲಿಲ್ಲ. ಎಣ್ಣೆ ತುಂಬಿತ್ತು. ಅಜ್ಜನ ನಿಯಮ ಆಗ ನೆನಪಾಯಿತು, ಮತ್ತು ನನ್ನ ಸಿಟ್ಟೆಲ್ಲ ಹೆದರಿಕೆಯಾಯಿತು.

ಕತ್ತಲೆಯೊಳಗಿಂದ ಅಪ್ಪನ ಸ್ವರ ಬಂತು. ಅದು ಅಪ್ಪನ ಸ್ವರದ ಹಾಗೆ ಇರಲಿಲ್ಲ, ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ ಇತ್ತು. "ಸ್ವಲ್ಪ ಕೂತ್ಕೊಳ್ತೇನೆ" ಎಂದರು.

"ಭಾವಾ, ದೀಪ ಎಣ್ಣೆ ಇದ್ದೂ ಆರಿತು" ಎಂದು ನಾನು ಕಿರುಚಿದೆ. ಭಾವ ಆಗಲೇ ನನ್ನ ಹಿಂದೆ ಬಂದಿದ್ದರು. ನನ್ನನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ಮುಂದೆ ನುಗ್ಗಿದರು. ಅಪ್ಪನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಹಿಂದಕ್ಕೆ ಎಳೆದು ತಂದರು. ನಾನು ಭಾವನ ಅಂಗಿಯನ್ನು ಹಿಡಿದು ಬೆಳಕಿನ ಕಡೆಗೆ ಎಳೆಯುತ್ತಿದ್ದೆ. ಅದರಿಂದ ಏನಾದರೂ ಉಪಯೋಗವಾಯಿತೋ ಇಲ್ಲವೋ, ಅಂಗಿ ಮಾತ್ರ ಹರಿಯಿತು.

ಗೇರುಮರದ ಬುಡದಲ್ಲಿ ಅಪ್ಪನನ್ನು ಮಲಗಿಸಿದೆವು. ತುಟಿಯ ಬಣ್ಣ ಹೋಗಿತ್ತು, ಮೈಯೆಲ್ಲ ಬೆವರು ಮತ್ತು ಕೆಂಪು ಮಣ್ಣು. ಅಮ್ಮ ಮನೆಯಲ್ಲಿ ಉಳಿದಿದ್ದ ಒಂದು ಚೆಂಬು ನೀರನ್ನು ತಂದು ಮುಖಕ್ಕೆ ಹಾಕಿದಳು. ಅದು ಮಗುವಿಗಾಗಿ ಎತ್ತಿಟ್ಟ ನೀರು. ಅಕ್ಕ ಬಾಣಂತಿ ಕೋಣೆಯಿಂದ ಮಗುವನ್ನು ಎತ್ತಿಕೊಂಡೇ ಅಂಗಳಕ್ಕೆ ಬಂದಿದ್ದಳು, ಬರಬಾರದೆಂದು ಯಾರೂ ಹೇಳಲಿಲ್ಲ. ಅಪ್ಪ ಸತ್ತೇ ಹೋದರೆಂದು ನಾನು ತಿಳಿದೆ. ಲಾಟೀನಿನ ತಪ್ಪೊಂದೇ ಅಲ್ಲ, ಇನ್ನು ಇಡೀ ಜನ್ಮ ಬೇಕಾದರೆ ಎಲ್ಲ ತಪ್ಪೂ ನನ್ನದೇ ಆಗಲಿ, ಅಪ್ಪ ಎದ್ದರೆ ಸಾಕು ಎಂದು ಬೇಡಿಕೊಂಡೆ. ಆಮೇಲೆ ಅಪ್ಪ ಜೋರಾಗಿ ಉಸಿರೆಳೆದು, ಕೆಮ್ಮಿ, ಮಗ್ಗುಲಾಗಿ ವಾಂತಿ ಮಾಡಿದರು.

ಸಂಜೆಗೆ ಅವರು ಎದ್ದು ಕೂತರು. ಭಾವ ಗುಡ್ಡ ಹತ್ತಿ ಇಳಿದು ಆಚೆ ಮನೆಯಿಂದ ಕೆಸರು ಬಣ್ಣದ ನೀರು ಹೊತ್ತು ತಂದರು. ಅಪ್ಪ ಲಾಟೀನನ್ನು ಹತ್ತಿರ ತರಿಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ಎಂದಿತು. ನನ್ನನ್ನು ನೋಡಿದರು. "ತುಂಬ ಉಂಟು" ಎಂದರು. ಅಷ್ಟೇ. ಆ ಕಾಲದ ಅಪ್ಪಂದಿರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುತ್ತಿರಲಿಲ್ಲ. ನನಗೆ ಆ ಒಂದು ಮಾತು ಬೇಕಿತ್ತು, ಇವತ್ತಿಗೂ ಬೇಕು.

ಮರುದಿನ ಅಪ್ಪ ಮತ್ತು ಭಾವ ಸೊಪ್ಪಿನ ಕಟ್ಟುಗಳನ್ನು ಬೀಸಿ ಬೀಸಿ ಒಳಗಿನ ಗಾಳಿಯನ್ನು ಕದಡಿದರು. ಲಾಟೀನನ್ನು ಉದ್ದದ ಕೋಲಿಗೆ ಕಟ್ಟಿ, ಅದನ್ನು ಮುಂದೆ ಬಿಟ್ಟು, ಆರದಿದ್ದರೆ ಮಾತ್ರ ಹೆಜ್ಜೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಗೆ ಕೆಂಪು ನೀರು ಬಂತು, ಆಮೇಲೆ ತಿಳಿನೀರು.

ಹೈಸ್ಕೂಲಿನಲ್ಲಿ ಮಾಸ್ಟ್ರು ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಕವುಚಿದಾಗ ನಾನು ಎದ್ದು ನಿಂತು ಸುರಂಗದ ವಿಷಯ ಕೇಳಿದೆ. ಅವರು ಪಾಠ ಬಿಟ್ಟು ವಿವರಿಸಿದರು. ಮಣ್ಣಿನೊಳಗೆ ಬೇರುಗಳೂ ಕೊಳೆಯುವ ವಸ್ತುಗಳೂ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತಿರುತ್ತವೆ. ಅದು ಗಾಳಿಗಿಂತ ಭಾರ, ಗಾಳಿಯಾಡದ ಕಡೆ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಿದ್ದ ಮಣ್ಣಿನ ಹಿಂದೆ ಅದು ಕೂಡಿಕೊಂಡಿತ್ತು, ಅಪ್ಪ ಅಗೆದು ಅದಕ್ಕೆ ದಾರಿ ಮಾಡಿಕೊಟ್ಟಿದ್ದರು. ಅಂಥ ಕಡೆ ಮನುಷ್ಯನಿಗಿಂತ ಮೊದಲು ದೀಪ ಸೋಲುತ್ತದೆಯಂತೆ. ದೀಪ ಆರುವುದಕ್ಕೂ ಮನುಷ್ಯ ಬೀಳುವುದಕ್ಕೂ ನಡುವೆ ಸಿಗುವ ಸ್ವಲ್ಪ ಹೊತ್ತೇ ಓಡಿ ಬರಲು ಇರುವ ಅವಕಾಶ. ಆ ಹೊತ್ತನ್ನು ನಮ್ಮ ಅಪ್ಪ ನನ್ನನ್ನು ಬೈಯಲು ಖರ್ಚು ಮಾಡಿದ್ದರು.

ಈಗ ನಿಮಗೆ ಬೋರ್‌ವೆಲ್ ಇದೆ, ಸ್ವಿಚ್ಚು ಒತ್ತಿದರೆ ಟ್ಯಾಂಕು ತುಂಬುತ್ತದೆ. ಸುರಂಗದ ಬಾಯಿಗೆ ಬಳ್ಳಿ ಹಬ್ಬಿದೆ. ಈ ರಜೆಯಲ್ಲಿ ನೀವು ಆ ಬಳ್ಳಿ ಸರಿಸಿ, ಮೊಬೈಲಿನ ಟಾರ್ಚು ಹಾಕಿ ಒಳಗೆ ಇಣುಕುತ್ತಿದ್ದಾಗ ನಾನು ಕೋಲು ಹಿಡಿದು ಓಡಿ ಬಂದೆ. ಅಜ್ಜಿಗೆ ಕತ್ತಲೆ ಎಂದರೆ ಹೆದರಿಕೆ ಎಂದು ನೀವು ನಕ್ಕಿರಿ. "ಅಜ್ಜಿ, ಇದು ಲಾಟೀನಲ್ಲ. ಇದು ಎಲ್ಲಿ ಹೋದ್ರೂ ಆರುದಿಲ್ಲ" ಎಂದು ನಿಮ್ಮಲ್ಲಿ ಒಬ್ಬ ಹೇಳಿದ.

ಮಗಾ, ನನಗೆ ಹೆದರಿಕೆಯಾದದ್ದು ಅದಕ್ಕೇ. ನಮ್ಮ ದೀಪಕ್ಕೆ ನಮ್ಮ ಹಾಗೆಯೇ ಉಸಿರು ಬೇಕಿತ್ತು. ನಿನ್ನ ಟಾರ್ಚಿಗೆ ಬೇಡ. ನೀನು ಬಿದ್ದ ಮೇಲೂ ಅದು ಉರಿಯುತ್ತಲೇ ಇರುತ್ತದೆ. ಹಾಳು ಬಾವಿಗೆ, ಗುಂಡಿಗೆ, ಟ್ಯಾಂಕಿಗೆ ಇಳಿದವರು ಮೇಲೆ ಬರಲಿಲ್ಲ ಎಂಬ ಸುದ್ದಿ ಪೇಪರಿನಲ್ಲಿ ಈಗಲೂ ಬರುತ್ತದೆ. ಅವರ ಕೈಯಲ್ಲೂ ಒಳ್ಳೆಯ ಬೆಳಕೇ ಇದ್ದಿರಬೇಕು.

ಸುರಂಗದ ಒಳಗೆ ಏನಿದೆ ಎಂದು ತಿಳಿಯುವ ಆಸೆ ನಿಮಗಿರುವುದು ನನಗೆ ಸಂತೋಷವೇ. ಆದರೆ ಒಬ್ಬೊಬ್ಬರೇ ಹೋಗಬೇಡಿ. ದೊಡ್ಡವರನ್ನು ಕರೆದುಕೊಂಡು, ಅಡುಗೆಮನೆಯ ಹಿಂದಿನ ಮೊಳೆಗೆ ತೂಗುಹಾಕಿದ ನನ್ನ ಹಳೆಯ ಲಾಟೀನನ್ನು ಕೋಲಿಗೆ ಕಟ್ಟಿಕೊಂಡು ಹೋಗಿ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಆದರೂ ಎಲ್ಲಿಂದಲೋ ತರಿಸಿ ಕಂಠದವರೆಗೆ ತುಂಬಿಸಿ ಇಟ್ಟಿದ್ದೇನೆ. ಅದು ಒಳಗೆ ಆರಿದರೆ ಅಲ್ಲಿಂದಲೇ ತಿರುಗಿ ಓಡಿ ಬನ್ನಿ. ಅಜ್ಜಿ ಎಣ್ಣೆ ಹಾಕಲು ಮರೆತಿದ್ದಾಳೆ ಎಂದು ಮಾತ್ರ ಹೇಳಬೇಡಿ.