ಕಪ್ಪು-ಬಿಳುಪು ಫೋಟೋದಲ್ಲಿ ನನ್ನ ಹಣೆ

ಸತ್ತವರು ತಿರುಗಿ ಬರುತ್ತಾರೆಂದು ಯಾರಾದರೂ ಹೇಳಿದರೆ ಅವರ ಮುಖಕ್ಕೇ ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ಓದಿದ್ದು ಎರಡನೇ ಇಯತ್ತೆ. ಆದದ್ದನ್ನು ಆದಂತೆ ಬರೆಯುತ್ತೇನೆ.

ಮನೋಳಿಯಲ್ಲಿ ಹೊಳೆ ಏರಿದ ವರ್ಷ ನನ್ನ ಗಂಡ ಎಮ್ಮೆಯನ್ನು ಬಿಡಿಸಲು ನೀರಿಗಿಳಿದ. ಎಮ್ಮೆ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಹಿರಿಯರು ಕಾದು ಕಾದು ದಿನಕರ್ಮ ಮಾಡಿ ಮುಗಿಸಿದರು, ನನ್ನ ಕುಂಕುಮ ಅಳಿಸಿದರು. ಅವನು ಸತ್ತದ್ದನ್ನು ಕಂಡವರಿಲ್ಲ. ನಾನು ಮಾತ್ರ ವಿಧವೆಯಾದೆ.

ಮುಂದೆ ಕೆಲವು ವರ್ಷಕ್ಕೆ, ಹೋಳಿಯ ಬಣ್ಣದ ದಿನ, ಧಾರವಾಡದ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ನಮ್ಮ ಓಣಿಗೆ ಬಂದಳು. ತೆಗೆಯುವುದೆಲ್ಲ ಕಪ್ಪು-ಬಿಳುಪು ಫೋಟೋ ಅಂತೆ. ನನ್ನ ನಾದಿನಿ ಗಂಗವ್ವ ಬಿಡುತ್ತಾಳೆಯೇ?

"ಬಣ್ಣದ ಹಬ್ಬಕ್ಕ ಬಂದು ಬಣ್ಣಾನ ಬಿಟ್ಟು ಹೊಂಟೀಯಲ್ಲ ತಂಗಿ, ನಿಮ್ಮೂರಾಗ ಹೋಳಿಗೀನೂ ಹೂರಣ ತಗದ ತಿಂತೀರೇನ?"

"ಬಣ್ಣ ಇದ್ರ ಬರೇ ಬಣ್ಣಾನ ಕಾಣ್ತೈತ್ರಿ ಅವ್ವಾರ. ನನಗ ಮಂದಿ ಮಾರಿ ಬೇಕು," ಎಂದಳು ಹುಡುಗಿ.

ಗಂಡ ಸತ್ತವಳಿಗೆ ನಮ್ಮಲ್ಲಿ ಬಣ್ಣ ಹಾಕುವುದಿಲ್ಲ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಹಲಗೆ ಬಾರಿಸುತ್ತ ಕುಣಿಯುವವರ ಗುಂಪು ಹಾಯುವಾಗ, ಮುಖ-ಮೈಗೆಲ್ಲ ಬಣ್ಣ ಬಳಿದುಕೊಂಡವನೊಬ್ಬ ಹೊರಬಂದು ನನ್ನ ಹಣೆಗೆ ಹೆಬ್ಬೆರಳು ಒತ್ತಿದ. ಬೆರಳು ತಣ್ಣಗಿತ್ತು. ಬಿಸಿಲಲ್ಲಿ ಕುಣಿದವನ ಬೆರಳು ಹಾಗಿರುವುದಿಲ್ಲ.

"ಯಾಂವಲೇ ನೀ? ಕಣ್ಣ ಒಡದಾವೇನ?" ಎಂದು ಬೈಯುವಷ್ಟರಲ್ಲಿ ಗುಂಪಿನಲ್ಲಿ ಸೇರಿಹೋದ. ಪಕ್ಕದಲ್ಲೇ ನಿಂತಿದ್ದ ಗಂಗವ್ವ, "ನಾ ಯಾರನ್ನೂ ನೋಡ್ಲಿಲ್ಲ ವೈನಿ," ಎಂದಳು. ಎದ್ದು ಬಚ್ಚಲಿಗೆ ಹೋಗಿ ಹಣೆ ತಿಕ್ಕಿ ತೊಳೆದೆ.

ಮಳೆಗಾಲದಲ್ಲಿ ಹುಡುಗಿ ಫೋಟೋ ಕೊಡಲು ಬಂದಳು. ಅದರಲ್ಲಿ ನಾನಿದ್ದೆ, ಹಣೆಗೆ ಬೆರಳೊತ್ತಿ ಹೊರಟವನೂ ಇದ್ದ. ಮುಖ ತಿರುಗಿಸಿದ್ದ. ಕಿವಿ ಮಾತ್ರ ನಿಚ್ಚಳ; ಮೇಲಂಚು ಹರಿದ ಕಿವಿ. ಎತ್ತಿನ ಕೊಂಬು ತಗಲಿ ನನ್ನ ಗಂಡನ ಕಿವಿ ಹೀಗೇ ಹರಿದಾಗ ಅರಿಷಿಣ ಮೆತ್ತಿದವಳು ನಾನೇ.

ಗಂಗವ್ವ ಫೋಟೋ ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು. "ಅಣ್ಣನ ಕಿವೀನ ಇದು. ಅಂವಾ ಇದ್ದಾನ. ಕುಂಕುಮ ಹಚ್ಗೊಳ್ರಿ ವೈನಿ."

"ಜೀವಂತ ಇದ್ರ ಹಬ್ಬದ ಹೋಳಿಗಿ ತಿನ್ನದ ಬಿಟ್ಟ ಹೋಗ್ತಿದ್ನೇನ ನಿಮ್ಮಣ್ಣ?" ಎಂದೆ. ಅವಳು ನಗಲಿಲ್ಲ. ನಾನೂ ನಗಲಿಲ್ಲ.

ಹಲಗೆಯವರನ್ನೆಲ್ಲ ಕೇಳಿದೆ. ಅಂಥ ಕಿವಿಯವನನ್ನು ಯಾರೂ ಕಂಡಿಲ್ಲ.

ಕುಂಕುಮ ಹಚ್ಚಿಕೊಂಡಿಲ್ಲ. ಕನ್ನಡಿಯಲ್ಲಿ ನನ್ನ ಹಣೆ ಬರಿದು. ಫೋಟೋದಲ್ಲಿ ಕರಿ ಬೊಟ್ಟು. ಅದು ಯಾವ ಬಣ್ಣದ್ದೆಂದು ಫೋಟೋ ಹೇಳುವುದಿಲ್ಲ. ಅಂದು ಸಿಟ್ಟಿನಲ್ಲಿ ತೊಳೆದುಬಿಟ್ಟೆ. ಹೋಳಿಯ ಬಣ್ಣವೋ ಕುಂಕುಮವೋ, ನೋಡಲೇ ಇಲ್ಲ.