ಕಾದಂಬರಿ ಬಿಟ್ಟ ಹರಕೆ

ಮನೆಯವರಿಗೆ ಹೃದಯದ ಆಪರೇಷನ್ ಆಗಬೇಕೆಂದು ತಿಳಿದ ದಿನವೇ ನಂಜನಗೂಡಿಗೆ ಹೋಗಿ ನಂಜುಂಡೇಶ್ವರನ ಮುಂದೆ ಹರಕೆ ಹೊತ್ತೆ. ಇವರು ಪೂರ್ತಿ ಗುಣವಾಗುವವರೆಗೆ ಕಾದಂಬರಿ ಓದುವುದಿಲ್ಲ ಎಂದು. ಬೇರೆ ಹೆಂಗಸರು ಸಿಹಿಯನ್ನೋ ಕಾಫಿಯನ್ನೋ ಬಿಡುತ್ತಾರೆ. ನಾನೂ ಮೊದಲು ಕಾಫಿ ಎಂದೇ ಯೋಚಿಸಿದ್ದು. ಆದರೆ ದೇವರ ಕಣ್ಣಿಗೆ ಮಣ್ಣೆರಚಲಾದೀತೆ? ನನ್ನ ಜೀವ ಯಾವುದರಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು.

ತಿ. ನರಸೀಪುರದ ಲೈಬ್ರರಿಯಿಂದ ನಾನು ಸದಾ ಮೂರು ಪುಸ್ತಕ ತರುವವಳು. ಒಂದು ಕಾದಂಬರಿ, ಒಂದು ಚರಿತ್ರೆ, ಇನ್ನೊಂದು ಕೈಗೆ ಸಿಕ್ಕಿದ್ದು. ಈಗ ಮೊದಲನೆಯದಕ್ಕೆ ಕತ್ತರಿ ಬಿತ್ತು. ಮಣ್ಣಿನ ಬಗ್ಗೆ, ಜೇನಿನ ಬಗ್ಗೆ, ಹಾವಿನ ಬಗ್ಗೆ ಓದಿದೆ. ಚೆನ್ನಾಗಿಯೇ ಇದ್ದವು, ಸುಳ್ಳೇಕೆ ಹೇಳಲಿ? ಒಂದು ಆತ್ಮಕಥೆ ಮಾತ್ರ ಇಪ್ಪತ್ತೇ ಪುಟಕ್ಕೆ ಕಾದಂಬರಿಯ ರುಚಿ ಹತ್ತಿಸಿಬಿಟ್ಟಿತು. ಇದೆಲ್ಲ ನಿಜವಾಗಿ ನಡೆದದ್ದೇ ಕಣಪ್ಪ ಎಂದು ದೇವರಿಗೆ ಸಮಜಾಯಿಷಿ ಕೊಟ್ಟೆ. ಆದರೂ ಧೈರ್ಯ ಬರದೆ ಮರುದಿನವೇ ವಾಪಸ್ ಮಾಡಿಬಂದೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಇವರು ನನ್ನ ಕಡೆ ತಿರುಗಿ, "ಏನಾರ ಓದು, ಕೇಳ್ತೀನಿ. ಭಯ ಆಯ್ತದೆ" ಎಂದರು. ಗೊಬ್ಬರದ ಅಂಗಡಿಯ ಈ ಮನುಷ್ಯ, ಮೂವತ್ತು ವರ್ಷ ನನ್ನ ಓದನ್ನು ಕೆಲಸವಿಲ್ಲದವರ ಕೆಲಸ ಎಂದು ಹಂಗಿಸಿದವರು! ಚೀಲದಲ್ಲಿದ್ದದ್ದು ಹಾವಿನ ಪುಸ್ತಕ. ಎರಡು ಪುಟ ಓದುವಷ್ಟರಲ್ಲಿ, "ಹಾವು ಬ್ಯಾಡ ಕಣೇ, ಮನುಷ್ಯರ ಕತೆ ಓದು" ಎಂದರು.

ಪುಸ್ತಕ ಮುಚ್ಚಿಟ್ಟೆ. ಹರಕೆ ಮುರಿದು ಇವರಿಗೆ ಏನಾದರೂ ಆಗಿಬಿಟ್ಟರೆ? ಹೇಳಿಕೊಂಡರೆ ಇನ್ನಷ್ಟು ಹೆದರುತ್ತಾರೆ. ಆಗ ಹೊಳೆಯಿತು, ನಾನು ಓದುವುದಿಲ್ಲ ಎಂದಿದ್ದೆನೇ ಹೊರತು ಹೇಳುವುದಿಲ್ಲ ಎಂದಿರಲಿಲ್ಲ. ಹಿಂದೆ ಓದಿದ್ದೊಂದು ಕಾದಂಬರಿ ನೆನಪಿದೆ ಎಂದು ಸುಳ್ಳು ಹೇಳಿ ಶುರುಮಾಡಿದೆ. ಒಂದು ಪುಸ್ತಕದ ಮನೆ, ಇನ್ನೊಂದರ ಜಗಳ, ಸಾಲದೆ ಬಂದಲ್ಲಿ ಹುಲ್ಲಹಳ್ಳಿಯ ನಮ್ಮತ್ತೆಯ ಬಾಯಿ. ಇವರು ನಕ್ಕರು ಕೂಡ. ಬೆಳಿಗ್ಗೆ ಸ್ಟ್ರೆಚರ್ ಬಂದಾಗ ನನ್ನ ನಾಯಕ ತುಂಬಿದ ಹೊಳೆಯಲ್ಲಿ ಹರಿಗೋಲು ಹತ್ತಿದ್ದ. ಮಿಕ್ಕಿದ್ದು ಆಮೇಲೆ ಎಂದೆ. ಆಮೇಲಿನ ನಾಲ್ಕು ಗಂಟೆ ಹೇಗೆ ಕೂತಿದ್ದೆನೋ ನನಗೇ ಗೊತ್ತಿಲ್ಲ.

ಮದ್ದು, ಪಥ್ಯದ ಗಡಿಬಿಡಿಯಲ್ಲಿ ಮಿಕ್ಕ ಕತೆ ಹಾಗೇ ಉಳಿಯಿತು. ಮೂರು ತಿಂಗಳ ನಂತರ ಡಾಕ್ಟರು ಇನ್ನೇನೂ ತೊಂದರೆಯಿಲ್ಲ ಎಂದರು. ಅಬ್ಬಾ, ಎಷ್ಟು ದಿನಕ್ಕೆ ಎದೆ ಹಗುರವಾಯಿತು! ನಂಜನಗೂಡಿನಲ್ಲಿ ಪೂಜೆ ಮಾಡಿಸಿ, ಅಲ್ಲಿಂದ ನೇರ ಲೈಬ್ರರಿಗೆ ಹೋಗಿ ದುರಾಸೆಯಿಂದ ಮೂರೂ ಕಾದಂಬರಿಯನ್ನೇ ತಂದೆ.

ಎರಡನೆಯದರ ಮಧ್ಯದಲ್ಲಿದ್ದಾಗ ಇವರು ಹೊರಗಿನಿಂದ ಬಂದರು. ತಾವೇ ಲೈಬ್ರರಿಗೆ ಹೋಗಿದ್ದರಂತೆ, ಹುಟ್ಟಿದ ಮೇಲೆ ಮೊದಲ ಸಲ. ಹರಿಗೋಲು, ಜಗಳಗಂಟಿ ಅತ್ತೆ ಎಲ್ಲ ವಿವರಿಸಿ ಆ ಕಾದಂಬರಿ ಕೇಳಿದರಂತೆ. ಅಲ್ಲಿಯವರು ಪಾಪ, ಬೀರುಗಳನ್ನೆಲ್ಲ ತಡಕಾಡಿದರಂತೆ.

"ಅಂಥ ಪುಸ್ತಕವೇ ಇಲ್ವಂತಲ್ಲೇ" ಎಂದರು.

ನಾಲಿಗೆ ಕಚ್ಚಿಕೊಂಡೆ. ಇವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರಿಗೆ ಕೂತರು.

"ಹೋಗ್ಲಿ, ನೀನೇ ಹೇಳು. ಅವನು ದಡ ಸೇರಿದ್ನಾ?"

"ಸೇರಿದ ಕಣ್ರೀ" ಎಂದವಳಿಗೆ ಅಷ್ಟು ದಿನ ತಡೆದಿದ್ದ ಅಳು ಬಂದುಬಿಟ್ಟಿತು.