ನರ್ಸಮ್ಮ ನಿಂತಿದ್ದ ಚುನಾವಣೆ

ನರ್ಸಮ್ಮನ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಸಿರಿಂಜು ಒತ್ತಿ ಒತ್ತಿ ಹಾಗಾಯಿತು ಎನ್ನುತ್ತಿದ್ದರು. ಆ ಕೈಯನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ನಮ್ಮ ಮನೆಗೆ ಬಂದರೆ ಮೊದಲು ಹಿತ್ತಲ ತೊಟ್ಟಿಯ ಹತ್ತಿರ ಹೋಗಿ ತೋಳು ತೊಳೆದು, ನೀರು ತೊಟ್ಟಿಕ್ಕುವ ಎರಡೂ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದುಕೊಂಡೇ ಜಗುಲಿಗೆ ಬರುತ್ತಿದ್ದರು. ಟವೆಲು ಕೊಟ್ಟರೆ ಬೇಡ ಅನ್ನುವರು. "ಗಾಳೀಗೆ ಒಣಗ್ಲಿ ಬುಡು. ನಿಮ್ಮನೆ ಟವಲಲ್ಲಿ ಏನೇನದೋ."

ನಮ್ಮೂರು ಮಳವಳ್ಳಿ ಮದ್ದೂರುಗಳ ನಡುವೆ, ಬಸ್ಸು ಎರಡು ನಿಮಿಷ ನಿಲ್ಲುವಂಥ ಊರು. ನಮ್ಮದು ಮೇಲಿನ ಬೀದಿ, ಗದ್ದೆ ತೋಟ ಇದ್ದವರ ಬೀದಿ. ಅವರದು ಕೆಳಗಿನ ಕೇರಿ. ಅವರ ಮನೆಯ ಗೋಡೆಯ ಮೇಲೆ ಒಂದು ಬುದ್ಧನ ಪಟ, ಅದರ ಪಕ್ಕದಲ್ಲಿ ಲಸಿಕೆಯ ತಾರೀಖು ಗುರುತು ಹಾಕಿದ ಕ್ಯಾಲೆಂಡರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಂಗಿಯ ಮಗಳನ್ನು ತಂದು ಸಾಕಿಕೊಂಡಿದ್ದರು. ನಾನು ಹುಟ್ಟಿದ್ದು ನರ್ಸಮ್ಮನ ಕೈಯಲ್ಲಿ, ನನ್ನ ತಮ್ಮನೂ ಅಷ್ಟೆ. ಮೇಲಿನ ಬೀದಿಯಲ್ಲಿ ನನ್ನ ವಾರಿಗೆಯವರಲ್ಲಿ ಅವರ ಕೈಗೆ ಬೀಳದೆ ಭೂಮಿಗೆ ಬಿದ್ದವರು ಕಡಿಮೆ.

ಆಗ ನಮ್ಮ ಹೋಬಳಿಯ ಹೆಸರಿನಲ್ಲೇ ಒಂದು ವಿಧಾನಸಭಾ ಕ್ಷೇತ್ರವಿತ್ತು. ಈಗ ಇಲ್ಲ. ಆ ಕ್ಷೇತ್ರದ ಹಳ್ಳಿ ಹಳ್ಳಿಯನ್ನೂ ನರ್ಸಮ್ಮ ಮೊದಲು ನಡೆದು, ಆಮೇಲೆ ಸೈಕಲ್ಲಿನಲ್ಲಿ, ಕೊನೆಗೆ ಒಂದು ಹಳೇ ಮೊಪೆಡ್ಡಿನಲ್ಲಿ ಸುತ್ತಿದ್ದರು. ಅವರು ನಿವೃತ್ತರಾದ ಎರಡು ವರ್ಷಕ್ಕೆ ಹೋಬಳಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿತ್ತು. ಡಾಕ್ಟರಿಲ್ಲ, ಇದ್ದ ನರ್ಸೂ ವರ್ಗವಾದಳು. ಬಸುರಿಯರನ್ನು ಆಟೋದಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಓಡಬೇಕಾಯಿತು. ನರ್ಸಮ್ಮ ಅರ್ಜಿ ಹಿಡಿದು ಅಲೆದರು. ಎಲ್ಲರೂ ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಬೀಗ ಹಾಗೇ ಇತ್ತು.

ಚುನಾವಣೆ ಬಂತು. ಒಂದು ಬೆಳಿಗ್ಗೆ ನರ್ಸಮ್ಮ ನಮ್ಮ ಮನೆಗೆ ಬಂದು, ಎಂದಿನಂತೆ ಕೈ ತೊಳೆದು, ಜಗುಲಿಯಲ್ಲಿ ಕುಳಿತು ನನ್ನನ್ನು ಕರೆದರು. ನಾನು ಆಗ ಮದ್ದೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ.

"ನಾನು ಎಲೆಕ್ಸನ್ನಿಗೆ ನಿಂತ್ಕತೀನಿ ಕಣಪ್ಪ," ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಗೆಲ್ಲಾಕಲ್ಲ. ಗೆಲ್ಲಲ್ಲ ಅಂತ ಗೊತ್ತು. ಇದ್ವರ್ಗೂ ಗೆದ್ದೋರೆಲ್ಲ ಒಳ್ಳೇವ್ರೆಯ. ಆದ್ರೆ ಒಬ್ರಿಗೂ ಎರಿಗೆ ನೋವು ಗೊತ್ತಿಲ್ಲ. ಆ ಬೀಗದ್ ಹೆಸರಲ್ಲಿ ಒಂದಷ್ಟು ಓಟು ಬಿದ್ರೆ, ಗೆದ್ದೋನು ಹೆದರಿ ಬೀಗ ತಗೀತಾನೆ. ಅಷ್ಟೇ ನನ್ ಲೆಕ್ಕ." ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. "ಪಕ್ಸ ಇಲ್ದೋರಿಗೆ ಹತ್ ಜನ ಸೈನ್ ಹಾಕ್ಬೇಕಂತೆ. ಒಂಬತ್ತಾಗದೆ. ಮೇಲಿನ್ ಬೀದಿದು ಒಂದ್ ಬೇಕು. ಕೇರಿಯೋರೇ ಹತ್ತೂ ಹಾಕುದ್ರೆ, ಇದು ಕೇರಿ ಮಾತು ಅಂತಾರೆ."

ನಾನು ಸಹಿ ಹಾಕಿದೆ. ಖುಷಿಯಿಂದಲೇ ಹಾಕಿದೆ. ಕಾಲೇಜಿನಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಪಾಠ ಮಾಡುವವನು, ಮಾಡಿ ತೋರಿಸಿದೆನೆಂಬ ಹೆಮ್ಮೆ ಇತ್ತು. ಅವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು, "ನಮ್ ನರ್ಸಮ್ಮಂಗೆ ಹಾಕ್ದೆ ಇನ್ಯಾರ್ಗೆ ಹಾಕಾನ?" ಅಂದಳು.

ಅವರಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಮೊಪೆಡ್ಡಿನಲ್ಲೇ ಪ್ರಚಾರ. ಊರಿಗೆ ಹೋಗಿ ಭಾಷಣ ಮಾಡುತ್ತಿರಲಿಲ್ಲ. ಮನೆಯೊಳಗೆ ಹೋಗಿ ಹೆಂಗಸರ ಹತ್ತಿರ ಕೂತು, ಬೀಗದ ವಿಷಯ ಹೇಳಿ, ಕೂಸುಗಳ ಕಣ್ಣು ನಾಲಿಗೆ ನೋಡಿ, ರಕ್ತ ಕಡಿಮೆ ಇದೆ ಸೊಪ್ಪು ಹಾಕಿ ಎಂದು ಎದ್ದು ಬರುತ್ತಿದ್ದರು. ಎಲ್ಲ ಮನೆಯಲ್ಲೂ ಒಂದೇ ಮಾತು: "ನಿಮ್ಗಲ್ದೆ ಇನ್ಯಾರ್ಗೆ ಕಣಮ್ಮ."

ಮತದಾನದ ದಿನ ನಾನು, ಅಪ್ಪ, ಅವ್ವ, ತಮ್ಮ ಒಟ್ಟಿಗೆ ಹೋದೆವು. ನಮ್ಮ ಬೂತು ಶಾಲೆಯ ಎಡಗಡೆ ಕೋಣೆ, ಮೇಲಿನ ಬೀದಿಗಳಿಗೆ ಮಾತ್ರ. ಕೇರಿಯವರದು ಬಲಗಡೆಯದು. ಸಾಲಿನಲ್ಲಿ ನಿಂತಿದ್ದಾಗ ನಮ್ಮ ದೊಡ್ಡಪ್ಪನ ಮಗ ಹಿಂದಿನಿಂದ, "ಈ ಸಲ ನಮ್ಮವ್ರು ಗೆದ್ರೆ ಮಂತ್ರಿ ಆಯ್ತಾರೆ ಕಣ್ಲಾ. ಒಂದೊಂದ್ ಓಟೂ ಮುಖ್ಯ," ಅಂದ. ಅಷ್ಟೇ. ಯಾರೂ ನನ್ನನ್ನು ಹೆದರಿಸಲಿಲ್ಲ, ಆಣೆ ಹಾಕಿಸಲಿಲ್ಲ, ಏನನ್ನೂ ಕೊಡಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಎಷ್ಟೋ ವರ್ಷ ಯಾರೋ ಬಲವಂತ ಮಾಡಿದ್ದರೆಂದು ನನಗೆ ನಾನೇ ನಂಬಿಸಲು ನೋಡಿದ್ದೇನೆ. ರಟ್ಟಿನ ಮರೆಯಲ್ಲಿ ನಿಂತಾಗ ಹೊಲಿಗೆ ಯಂತ್ರ ಕೆಳಗಡೆ ಕಾಣಿಸಿತು. ಇಷ್ಟು ಜನರಲ್ಲಿ ಬೇಕಾದಷ್ಟು ಮಂದಿ ನರ್ಸಮ್ಮನಿಗೆ ಹಾಕಿಯೇ ಹಾಕುತ್ತಾರೆ, ನನ್ನದೊಂದು ಯಾಕೆ ಹಾಳಾಗಬೇಕು ಅನ್ನಿಸಿತು. ಮೇಲಿದ್ದ ‘ನಮ್ಮವರ’ ಗುಂಡಿ ಒತ್ತಿದೆ. ಅದು ಕೂಗಿತು. ಹೊರಗೆ ಬಂದಾಗ ಕೇರಿಯ ಸಾಲಿನ ಕೊನೆಯಲ್ಲಿ ನರ್ಸಮ್ಮ ನಿಂತಿದ್ದರು. ನನ್ನ ಬೆರಳಿನ ಶಾಯಿ ನೋಡಿ, "ಆಯ್ತಾ? ಊಟ ಮಾಡೋಗು," ಅಂದರು.

ಮಂಡ್ಯದಲ್ಲಿ ಎಣಿಕೆ. ಅವರ ಪರವಾಗಿ ಮೇಜಿನ ಮುಂದೆ ಕೂರಲು ಓದಿದವನೊಬ್ಬ ಬೇಕೆಂದು ನನ್ನನ್ನೇ ಕರೆದುಕೊಂಡು ಹೋಗಿದ್ದರು. ಬೇಡವೆನ್ನಲು ನನಗೆ ಕಾರಣ ಹೊಳೆಯಲಿಲ್ಲ. ಒಂದೊಂದು ಬೂತಿನ ಯಂತ್ರ ತಂದು ಗುಂಡಿ ಒತ್ತಿದರೆ ಅಭ್ಯರ್ಥಿಗಳ ಸಂಖ್ಯೆ, ಅವರ ಓಟು ಒಂದಾದ ಮೇಲೊಂದು ಬೆಳಗುತ್ತಿತ್ತು. ನಾನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದೆ. ನರ್ಸಮ್ಮ ನನ್ನ ಹೆಗಲ ಹಿಂದೆ, ಮೇಜಿಗೆ ಅಡ್ಡ ಕಟ್ಟಿದ್ದ ತಂತಿ ಜಾಲರಿ ಹಿಡಿದು ನಿಂತಿದ್ದರು. ನಮ್ಮೂರ ಎಡಗೋಣೆಯ ಯಂತ್ರ ಬಂತು. ಅವರ ಸಂಖ್ಯೆ ಬೆಳಗಿತು. ಪಕ್ಕದಲ್ಲಿ ಸೊನ್ನೆ.

ಅಧಿಕಾರಿ ಇನ್ನೊಮ್ಮೆ ಒತ್ತಿ ತೋರಿಸಿದ. ಸೊನ್ನೆಯೇ.

ಅವ್ವ, ಅಪ್ಪ, ತಮ್ಮ, ಅತ್ತಿಗೆಯರು, ನರ್ಸಮ್ಮ ಹೆರಿಗೆ ಮಾಡಿಸಿದ ಅಷ್ಟೂ ಮನೆಯವರು, ಮತ್ತು ನಾಮಪತ್ರಕ್ಕೆ ಸಹಿ ಹಾಕಿದ ನಾನು. ಒಂದಾದರೂ ಬಿದ್ದಿದ್ದರೆ ಅದು ನನ್ನದೆಂದು ನಾನು ಹೇಳಿಕೊಳ್ಳಬಹುದಿತ್ತು. ಬಹುಶಃ ಬೀದಿಯ ಎಲ್ಲರೂ ಹಾಗೆಯೇ ಹೇಳಿಕೊಳ್ಳುತ್ತಿದ್ದರು.

ಹಿಂದೆ ತಿರುಗದೆಯೇ, "ಮೆಷಿನ್ನು ಕೆಟ್ಟಿರಬೇಕು ನರ್ಸಮ್ಮ. ದೂರು ಕೊಡೋಣ," ಅಂದೆ.

ಅವರು ಮೆಲ್ಲಗೆ ಹೇಳಿದರು: "ಮಿಸನ್ ಮೇಲೆ ಯಾಕಪ್ಪ ದೂರು? ಅದೇನ್ ಮಾಡ್ತು ಪಾಪ. ಬರ್ಕೋ, ಮುಂದಿನ್ ಬೂತ್ ಬತ್ತಾ ಅದೆ."

ಒಟ್ಟು ಓಟು ಯಾರನ್ನೂ ಹೆದರಿಸುವಷ್ಟು ಬರಲಿಲ್ಲ. ಕೇರಿಗಳ ಬೂತುಗಳಲ್ಲಿ ಬಂದಷ್ಟೆ. ಬೀಗ ಉಳಿಯಿತು.

ಚುನಾವಣೆಯ ಬೆನ್ನಿಗೇ ನನ್ನ ಮದುವೆಯಾಯಿತು. ಮುಂದಿನ ವರ್ಷ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂತು. ಮಧ್ಯಾಹ್ನದ ಹೊತ್ತು. ಆಟೋ ತಂದೆವು. ಮಂಡ್ಯದವರೆಗೆ ಒಬ್ಬಳನ್ನೇ ಹೇಗೆ ಕರೆದೊಯ್ಯುವುದೆಂದು ಅವ್ವ ಅಳತೊಡಗಿದಳು. ನಾನು ಕೇರಿಗೆ ಓಡಿದೆ. ನರ್ಸಮ್ಮ ತಟ್ಟೆಯ ಮುಂದೆ ಕೂತಿದ್ದರು. ನನ್ನ ಮುಖ ನೋಡಿ ಮುದ್ದೆಯನ್ನು ಹಾಗೇ ಬಿಟ್ಟು ಎದ್ದರು.

ಅರ್ಧ ದಾರಿಯನ್ನೂ ದಾಟಲಿಲ್ಲ. "ನಿಲ್ಸೋ ಆಟೋನ," ಎಂದು ಕೂಗಿದರು. ಹುಣಸೆಮರದ ಕೆಳಗೆ ನಿಲ್ಲಿಸಿ ನನ್ನನ್ನೂ ಡ್ರೈವರನ್ನೂ ದೂರ ಅಟ್ಟಿದರು. ಎರಡು ಕಡೆಗೂ ಸೀರೆ ಕಟ್ಟಿದರು. ಕಬ್ಬಿನ ಲಾರಿಗಳು ಹಾದು ಹೋಗುತ್ತಿದ್ದವು. ನನ್ನ ಹೆಂಡತಿಯ ಕೂಗಿನ ಮೇಲೆ ಅವರ ದನಿ ಕೇಳುತ್ತಿತ್ತು: "ಇನ್ನೊಂದ್ಸಲ ಕಣವ್ವ, ಇನ್ನೊಂದೇ ಒಂದ್ಸಲ." ಆಮೇಲೆ ಎಲ್ಲ ಸದ್ದೂ ನಿಂತಿತು. ಕೂಸು ಅಳಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಅವರು ಬಿಡಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರಂತೆ. ನನಗೆ ಗೊತ್ತಿರುವುದು ಕೊನೆಗೆ ಕೇಳಿದ ಆ ಸಣ್ಣ ಅಳು ಮಾತ್ರ. ಸೀರೆಯ ಮರೆಯಿಂದ ಬೆವರಿಳಿಯುವ ಮುಖ ಆಚೆ ಹಾಕಿ, "ಮಗ್ಳು ಕಣಪ್ಪ. ಬಾ, ನೋಡ್ ಬಾ," ಅಂದರು.

ನಾನು ಅಲ್ಲೇ ರಸ್ತೆಯಲ್ಲಿ ಅವರ ಕಾಲು ಹಿಡಿದೆ. ಆಗ ಹೇಳಬಹುದಿತ್ತು. ನಾಲಿಗೆಯವರೆಗೂ ಬಂದಿತ್ತು. ಅವರು, "ಏಳು, ಏಳು, ಆಸ್ಪತ್ರೆಗೆ ತೋರುಸ್ಕಂಡ್ ಬರನ," ಎಂದು ಎಬ್ಬಿಸಿಬಿಟ್ಟರು. ನಾನೂ ಎದ್ದುಬಿಟ್ಟೆ.

ಇನ್ನು ಕೆಲವು ವರ್ಷಕ್ಕೆ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ಕ್ಷೇತ್ರ ಹೋಯಿತು. ಹಳ್ಳಿಗಳನ್ನು ಪಾಲು ಮಾಡಿ ಸುತ್ತಲಿನವುಗಳಿಗೆ ಸೇರಿಸಿದರು. ಹೆಸರೇ ಇಲ್ಲದಂತಾಗಬಾರದೆಂದು ಕೆಲವರು ಸೇರಿ ಒಂದು ಪುಸ್ತಕ ತರಲು ಹೊರಟರು; ಹಿಂದಿನ ಪ್ರತಿನಿಧಿಗಳ ಬಗ್ಗೆ ಬರೆಯುವ ಕೆಲಸ ಇತಿಹಾಸದವನೆಂದು ನನಗೆ ಬಂತು. ದಾಖಲೆಗಳಲ್ಲಿ ಹೆಸರು ಮತ್ತು ಅಂಕಿ ಬಿಟ್ಟರೆ ಏನೂ ಇರಲಿಲ್ಲ. ನರ್ಸಮ್ಮನ ಹತ್ತಿರ ಹೋದೆ. ನಾಲ್ಕು ಭಾನುವಾರ ಹೋದೆ.

ಅವರು ಒಬ್ಬೊಬ್ಬರನ್ನೂ ಕಂಡಂತೆ ಹೇಳಿದರು. ಮೊದಲನೆಯವರು ಪಂಚೆ ಎತ್ತಿಕಟ್ಟಿ ಸೈಕಲ್ಲಿನಲ್ಲಿ ಬಂದು, ಆಸ್ಪತ್ರೆಯ ಬಾವಿಯ ನೀರನ್ನು ತಾವೇ ಸೇದಿ ಕುಡಿದು, "ಉಪ್ಪದೆ" ಎಂದು ಮರುವಾರವೇ ಬೇರೆ ಬಾವಿ ತೋಡಿಸಿದರಂತೆ. ಕುಸ್ತಿ ಆಡಿ ಹೆಸರಾಗಿದ್ದ ಇನ್ನೊಬ್ಬರು ಲಸಿಕೆ ಶಿಬಿರ ಉದ್ಘಾಟಿಸಲು ಬಂದು, ಜನಕ್ಕೆ ಧೈರ್ಯ ತುಂಬಲೆಂದು ತೋಳು ಒಡ್ಡಿ, ಸೂಜಿ ಕಂಡೊಡನೆ ಕಣ್ಣು ಮುಚ್ಚಿ ನರ್ಸಮ್ಮನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಂತೆ. "ಬುಡಿ ಸ್ವಾಮಿ, ಆಯ್ತು, ಅಂದ್ರೂ ಬುಡ್ನಿಲ್ಲ," ಎಂದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೊಬ್ಬರು ಗೆದ್ದಿದ್ದಾಗ ಒಮ್ಮೆಯೂ ಆಸ್ಪತ್ರೆಗೆ ಬಾರದವರು, ಸೋತ ಮೇಲೆ ತಿಂಗಳಿಗೊಮ್ಮೆ ಬಂದು ರೋಗಿಗಳ ಹತ್ತಿರ ಕೂತು ಹೋಗುತ್ತಿದ್ದರು. "ಸೋತ್ಮೇಲೆ ಪಾಪ ಮನುಸ್ಯ ಆದ," ಅಂದರು. ಯಾರ ಮೇಲೂ ಒಂದು ಕೆಟ್ಟ ಮಾತಿಲ್ಲ. ಬೀಗ ತೆಗೆಯದವರ ಮೇಲೂ ಇಲ್ಲ.

ಕೊನೆಯ ಭಾನುವಾರ, "ನಿಮ್ಮದನ್ನ ಹೇಗೆ ಬರೀಲಿ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಬರದ್ರೆ ಪೂರ್ತಿ ಬರಿ. ಇಲ್ದಿದ್ರೆ ಬ್ಯಾಡ," ಅಂದರು.

ಪೂರ್ತಿ ಬರೆಯಲು ನನ್ನಿಂದಾಗಲಿಲ್ಲ. ಬೇಡವೆಂದು ಬಿಡುವ ಧೈರ್ಯವೂ ಇರಲಿಲ್ಲ. ಪುಸ್ತಕದಲ್ಲಿ ಗೆದ್ದವರ ಹೆಸರು ಬಂತು, ಎರಡನೆಯವರ ಹೆಸರು ಬಂತು, ಕೊನೆಯ ಸಾಲಿನಲ್ಲಿ ‘ಇತರರು’ ಎಂದು ಬಂತು. ನಾನೇ ಒಯ್ದು ಕೊಟ್ಟೆ. ಅವರು ಚಪ್ಪಟೆ ಹೆಬ್ಬೆರಳನ್ನು ಪಟ್ಟಿಯ ಮೇಲೆ ಆಡಿಸುತ್ತಾ ಕೊನೆಗೆ ಬಂದು ನಿಲ್ಲಿಸಿದರು.

"ಇತರರು ಅಂದ್ರೆ ನಾನಾ?"

"ಹೂಂ."

"ಚೆಂದಾಗದೆ ಬುಡು," ಎಂದು ಪುಸ್ತಕವನ್ನು ಬುದ್ಧನ ಪಟದ ಕೆಳಗೆ ಇಟ್ಟರು. ಟೀ ಮಾಡಿಸಿ ಕೊಟ್ಟರು.

ಆಮೇಲೆ ಆ ಹೆರಿಗೆ ವಾರ್ಡಿನ ಬೀಗ ಒಂದು ದಿನ ತೆರೆಯಿತು. ಹೊಸ ಕಟ್ಟಡ, ಹೊಸ ಡಾಕ್ಟರು. ಉದ್ಘಾಟನೆಗೆ ನರ್ಸಮ್ಮನನ್ನು ಕರೆದಿರಲಿಲ್ಲ. ಅವರು ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಮುಗಿದ ಮೇಲೆ ವಾರ್ಡಿನೊಳಗೆ ಹೋಗಿ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿಕೊಂಡು ಬಂದರು.

ಹೋದ ವರ್ಷ ಅವರಿಗೆ ಮೂತ್ರಪಿಂಡದ ತೊಂದರೆಯಾಯಿತು. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಕೂತರೆ ಮಳೆಯ ಮಾತು, ನನ್ನ ಮಗಳ ಓದಿನ ಮಾತು. ನಡುವೆ ಅವರು ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದರು. ಸುಸ್ತಾಗಿದೆ ಅಂದುಕೊಂಡು ನಾನು ಎದ್ದು ಬರುತ್ತಿದ್ದೆ. ಹಾಗೆ ಏಳೆಂಟು ತಿಂಗಳು ಕಳೆದವು. ಒಂದು ಮಂಗಳವಾರ ಬೆಳಿಗ್ಗೆ ನರ್ಸಮ್ಮ ತೀರಿಕೊಂಡರು.

ಹನ್ನೊಂದನೆಯ ದಿನ ಶಾಲೆಯ ಬಯಲಲ್ಲಿ ಸಭೆ ಸೇರಿತು. ಈಗ ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿಹೋದ ಹಳ್ಳಿಗಳಿಂದ ಜನ ಬಂದಿದ್ದರು. ಕಿರುಗಾವಲು ಕಡೆಯಿಂದಲೂ ಒಂದು ಟೆಂಪೋ ತುಂಬ ಹೆಂಗಸರು. ಎಲ್ಲರೂ ತಾಯಿ ಅಂದರು, ದೇವತೆ ಅಂದರು. ಕೊನೆಗೆ ನನ್ನನ್ನು ಕರೆದರು: "ಅಂದು ಮೇಲಿನ ಬೀದಿಯಿಂದ ನರ್ಸಮ್ಮನವರ ಪರವಾಗಿ ನಿಂತ ಏಕೈಕ ವ್ಯಕ್ತಿ." ಜನ ಚಪ್ಪಾಳೆ ತಟ್ಟಿದರು.

ಮೈಕಿನ ಮುಂದೆ ನಿಂತೆ. "ನಮ್ಮ ಬೂತಿನಲ್ಲಿ ಅವರಿಗೆ ಒಂದೂ ಓಟು ಬೀಳಲಿಲ್ಲ. ಸಹಿ ಹಾಕಿದ ನಾನೂ ಹಾಕಲಿಲ್ಲ," ಅಂದೆ. ಮೇಲಿನ ಬೀದಿಯವರು ಕೂತಿದ್ದ ಕಡೆಯಿಂದ ನಮ್ಮ ದೊಡ್ಡಪ್ಪನ ಮಗ, "ಕೂತ್ಕಳ್ಲಾ. ಸತ್ತೋರ್ ಮುಂದೆ ಯಾಕ್ ಆ ಮಾತು?" ಅಂದ. ಕೇರಿಯವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಸಭೆ ಮುಗಿದ ಮೇಲೆ ನರ್ಸಮ್ಮ ಸಾಕಿದ ತಂಗಿಯ ಮಗಳು ನನ್ನ ಹತ್ತಿರ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಇವತ್ತು ಯೋಳುದ್ರಲ್ಲ ಸಾರ್, ದೊಡ್ಡವ್ವ ಇದ್ದಾಗ್ಲೇ ಯೋಳ್ಬೇಕಿತ್ತು," ಅಂದಳು.

"ಅವರಿಗೆ ಗೊತ್ತಿತ್ತಲ್ಲಮ್ಮ."

"ಗೊತ್ತಿತ್ತು. ಆದ್ರೆ ಕಾಯ್ತಿದ್ರು. ನೀವು ಬಂದೋದಾಗೆಲ್ಲ, ಗೋಡೆ ಕಡೀಕ್ ತಿರಿಕ್ಕಂಡು, ‘ಇವತ್ತೂ ಯೋಳ್ನಿಲ್ಲ ಕಣೇ ಅವ್ನು’ ಅಂತಿದ್ರು."